ಬುದ್ಧಿ ಹಲ್ಲಿನ ಖರ್ಚು ಎಷ್ಟು?

ಅಕ್ಕ ತಂಗಿಯರೇ, ಒಮ್ಮೆ ನಾಲಿಗೆ ಆಡಿಸಿ ನಿಮ್ಮ ಹಲ್ಲು ಎಣಿಸಿ ನೋಡಿ. ಮೇಲೆ 16. ಕೆಳಗೆ 16. ಒಟ್ಟು 32.

ಎಲ್ಲರಿಗೂ 32 ಇರುವುದಿಲ್ಲ. ಕೆಲವರಿಗೆ 28 ಇರುತ್ತವೆ. ಕೆಲವರಿಗೆ 30. ಕಡಿಮೆ ಇದ್ದರೆ ಗಾಬರಿ ಬೇಡ. ಸಾಲಿನ ಕಟ್ಟಕಡೆಗೆ, ಮೂಲೆಯಲ್ಲಿ, ನಾಲ್ಕು ಹಲ್ಲು ಬಹಳ ತಡವಾಗಿ ಹುಟ್ಟುತ್ತವೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ. ಬುದ್ಧಿ ಬರುವ ವಯಸ್ಸಿನಲ್ಲಿ ಬರುತ್ತವೆ ಅಂತ ಅವಕ್ಕೆ ಬುದ್ಧಿ ಹಲ್ಲು ಎಂದು ಹೆಸರು. ನಮ್ಮ ನಿಪ್ಪಾಣಿ ಕಡೆ ಮರಾಠಿ ಮಾತಾಡುವವರು ಅಕ್ಕಲದಾಢ ಅಂತಾರೆ. ಅರ್ಥ ಒಂದೇ.

ಹೆಸರು ಹಾಗಿದ್ದರೂ ಈ ಹಲ್ಲಿಗೂ ಬುದ್ಧಿಗೂ ಸಂಬಂಧ ಇಲ್ಲ. ಅದನ್ನು ಕೀಳಿಸಿದರೆ ಬುದ್ಧಿ ಕಡಿಮೆ ಆಗುವುದಿಲ್ಲ. ಕಣ್ಣೂ ಮಂಜಾಗುವುದಿಲ್ಲ. ಕಣ್ಣು ಹೋಗುತ್ತದೆ ಅಂತ ಹೆದರಿಸುವವರು ಇನ್ನೂ ಇದ್ದಾರೆ. ಅದು ಸುಳ್ಳು.

ಬೇಡಕಿಹಾಳದ ಒಂದು ಮನೆ ಅಂದುಕೊಳ್ಳೋಣ. ಮನೆಯಲ್ಲಿ ಅತ್ತೆ, ಮಗ, ಸೊಸೆ. ಸೊಸೆಗೆ 22 ವರ್ಷ. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಒಂದು ದಿನ ರೊಟ್ಟಿ ಮುಂದೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಯಾಕವ್ವಾ, ಉಣ್ಣದ ಕುಂತಿ?" ಅಂತ ಅತ್ತೆ ಕೇಳಿದಳು.

"ಹಿಂದಿನ ದವಡಿ ನೋಯಾಕ ಹತ್ತೇತ್ರಿ ಅತ್ತಿ. ಬಾಯಿ ತೆರಿಯಾಕ ಬರವಲ್ದು."

"ಒಂದ ಚಿಟಿಕಿ ಮಿಶ್ರಿ ತಿಕ್ಕವಾ. ಕಡಿಮಿ ಆಕ್ಕೈತಿ."

"ನಿನ್ನೆ ತಿಕ್ಕೇನ್ರಿ. ಆಗ ಕಡಿಮಿ ಆತು. ರಾತ್ರಿ ಮತ್ತ ಸುರು ಆತು."

"ಹಂಗಾರ ದವಾಖಾನಿಗೆ ಹೋಗು."

"ಎಷ್ಟ ರೊಕ್ಕಾ ಕೇಳ್ತಾರೋ ಏನೋ ಅತ್ತಿ..."

ಮಾತು ಅಲ್ಲಿಗೇ ನಿಂತಿತು. ಸೊಸೆ ದವಾಖಾನೆಗೆ ಹೋಗಲಿಲ್ಲ. ಅಂಗಡಿಯಿಂದ ನೋವಿನ ಗುಳಿಗೆ ತಂದಳು. ಹೀಗೇ ನಾಲ್ಕು ತಿಂಗಳು ಕಳೆಯಿತು.

ಮಿಶ್ರಿಯ ಮಾತು ಬಂತು. ಅದನ್ನು ಮೊದಲು ಹೇಳಿಬಿಡೋಣ. ತಂಬಾಕು ಸುಟ್ಟು ಪುಡಿ ಮಾಡಿದರೆ ಮಿಶ್ರಿ. ಕೆಲವರು ಮಶೇರಿ ಅಂತಾರೆ. ನಿಪ್ಪಾಣಿ ತಂಬಾಕಿನ ಪೇಟೆ. ನಮ್ಮ ಮನೆಗಳಲ್ಲಿ ತಂಬಾಕಿಗೆ ಬರ ಇಲ್ಲ. ತಿಕ್ಕಿದಾಗ ನೋವು ತುಸು ಮರೆತಂತೆ ಆಗುತ್ತದೆ. ಆದರೆ ಒಸಡಿನ ಕೆಳಗಿನ ಕೀವು ಹಾಗೇ ಇರುತ್ತದೆ. ನೋವು ಹೋಯಿತು ಅಂದುಕೊಂಡು ನಾವು ಸುಮ್ಮನಿರುತ್ತೇವೆ. ಮಿಶ್ರಿ ಚಟವಾಗುತ್ತದೆ. ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ಈಗ ಖರ್ಚಿನ ಮಾತು.

ಒಬ್ಬಾಕಿ 500 ರೂಪಾಯಿಗೆ ಹಲ್ಲು ಕೀಳಿಸಿದೆ ಅಂತಾಳೆ. ಇನ್ನೊಬ್ಬಾಕಿ 5,000 ಆಯ್ತು ಅಂತಾಳೆ. ಹಲ್ಲು ಒಂದೇ ಅಲ್ಲವೇ? ಯಾರೋ ಮೋಸ ಮಾಡಿದರೇ? ಹಾಗೇ ಇರಬೇಕು ಅಂತಿಲ್ಲ. ಹಸಿ ನೆಲದಲ್ಲಿ ಶೇಂಗಾ ಬಳ್ಳಿ ಕೀಳುವುದು ಬೇರೆ. ಜಾಲಿ ಗಿಡದ ಬೊಡ್ಡೆ ಅಗೆದು ತೆಗೆಯುವುದು ಬೇರೆ. ಎರಡಕ್ಕೂ ಒಂದೇ ಕೂಲಿ ಕೊಡುತ್ತೀರಾ?

ಬುದ್ಧಿ ಹಲ್ಲೂ ಹಾಗೆಯೇ. ಕೆಲವರಿಗೆ ಅದು ನೆಟ್ಟಗೆ ಹುಟ್ಟಿ ಹೊರಗೆ ಬಂದಿರುತ್ತದೆ. ಡಾಕ್ಟರು ಮರಗಟ್ಟುವ ಸೂಜಿ ಕೊಟ್ಟು, ಇಕ್ಕಳ ಹಾಕಿ ಎಳೆಯುತ್ತಾರೆ. ಬೇಗ ಮುಗಿಯುತ್ತದೆ. ಖರ್ಚು ಕಡಿಮೆ. ಕೆಲವರಿಗೆ ದವಡೆಯಲ್ಲಿ ಜಾಗ ಸಾಲುವುದಿಲ್ಲ. ಹಲ್ಲು ಅಡ್ಡ ಬೀಳುತ್ತದೆ. ಅರ್ಧ ಒಸಡಿನ ಕೆಳಗೆ, ಅರ್ಧ ಎಲುಬಿನೊಳಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಎಳೆದರೆ ಬರುವುದಿಲ್ಲ. ಒಸಡು ಕೊಯ್ಯಬೇಕು. ಎಲುಬು ಸ್ವಲ್ಪ ಕೊರೆಯಬೇಕು. ಹಲ್ಲನ್ನು ತುಂಡು ಮಾಡಿ ತೆಗೆಯಬೇಕು. ಆಮೇಲೆ ಹೊಲಿಗೆ ಹಾಕಬೇಕು. ಇದು ಸಣ್ಣ ಆಪರೇಶನ್. ಹೊತ್ತು ಹೆಚ್ಚು ಹಿಡಿಯುತ್ತದೆ. ಖರ್ಚೂ ಹೆಚ್ಚು.

ನಿಮ್ಮ ಹಲ್ಲು ಯಾವ ತರಹದ್ದು? ಹೊರಗಿನಿಂದ ನೋಡಿದರೆ ಪೂರ್ತಿ ತಿಳಿಯುವುದಿಲ್ಲ. ಅದಕ್ಕೇ ಎಕ್ಸ್‌ರೇ ಫೋಟೋ ತೆಗೆಯುತ್ತಾರೆ. ಕೆಳಗಿನ ದವಡೆಯಲ್ಲಿ ತುಟಿಗೆ ಹೋಗುವ ಒಂದು ನರ ಇದೆ. ಹಲ್ಲಿನ ಬೇರು ಅದಕ್ಕೆ ಎಷ್ಟು ಹತ್ತಿರ ಇದೆ ಅಂತ ಫೋಟೋದಲ್ಲಿ ಕಾಣುತ್ತದೆ. ಆ ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯಬಹುದು. ಆದ್ದರಿಂದ ಫೋಟೋದ ರೊಕ್ಕ ದಂಡ ಅಲ್ಲ.

ಇನ್ನೊಂದು ಮಾತು. ಬುದ್ಧಿ ಹಲ್ಲು ಇದೆ ಅಂತ ಎಲ್ಲರೂ ಕೀಳಿಸಬೇಕಾಗಿಲ್ಲ. ನೆಟ್ಟಗೆ ಬಂದಿದೆ, ಹುಳುಕಿಲ್ಲ, ನೋವಿಲ್ಲ, ಬ್ರಷ್ ಮುಟ್ಟುತ್ತದೆ ಅಂದರೆ ಅದು ಇರಲಿ. ಬ್ರಿಟನ್ ದೇಶದಲ್ಲಿ 2000ನೇ ಇಸವಿಯಲ್ಲಿ ಅಲ್ಲಿನ ಆರೋಗ್ಯ ಸಂಸ್ಥೆಯೇ ಒಂದು ಸೂಚನೆ ಕೊಟ್ಟಿತು. ರೋಗ ಇಲ್ಲದ ಬುದ್ಧಿ ಹಲ್ಲನ್ನು ಸುಮ್ಮನೆ ಕೀಳಬೇಡಿ ಅಂತ. ಮತ್ತೆ ಮತ್ತೆ ಬಾವು ಬರುತ್ತಿದ್ದರೆ, ಹುಳುಕಾಗಿದ್ದರೆ, ಪಕ್ಕದ ಹಲ್ಲು ಕೆಡುತ್ತಿದ್ದರೆ ಕೀಳಿಸಬೇಕು. ಆದ್ದರಿಂದ ಡಾಕ್ಟರಿಗೆ ಮೊದಲ ಪ್ರಶ್ನೆ ಇದು: "ಈ ಹಲ್ಲ ಯಾಕ ಕೀಳಬೇಕ್ರಿ?"

ಎರಡನೇ ಪ್ರಶ್ನೆ: "ಎಲ್ಲಾ ಕೂಡಿ ಎಷ್ಟ ಆಕ್ಕೈತ್ರಿ?"

"ಎಲ್ಲಾ ಕೂಡಿ" ಅನ್ನುವುದನ್ನು ಮರೆಯಬೇಡಿ. ಇಲ್ಲೇ ನಾವು ತಪ್ಪುವುದು. ಡಾಕ್ಟರು 2,000 ಅಂದರು ಅಂತ 2,000 ಗಂಟು ಕಟ್ಟಿಕೊಂಡು ಹೋಗುತ್ತೇವೆ. ಅಲ್ಲಿ ಸಾಲುವುದಿಲ್ಲ. ಯಾಕೆ ಅಂತ ಲೆಕ್ಕ ಮಾಡಿ ನೋಡೋಣ. ಈ ಅಂಕಿಗಳು ಲೆಕ್ಕ ಕಲಿಯಲಿಕ್ಕೆ ಬರೆದವು. ಯಾವ ದವಾಖಾನೆಯ ದರವೂ ಅಲ್ಲ.

ತಪಾಸಣೆ: 200
ಎಕ್ಸ್‌ರೇ: 300
ಹಲ್ಲು ಕೀಳುವುದು: 2,000
ಗುಳಿಗೆ, ಔಷಧ: 350
ಹೊಲಿಗೆ ಬಿಚ್ಚುವುದು: 150
ಒಟ್ಟು: 3,000

ದವಾಖಾನೆಯ ಲೆಕ್ಕ ಇಲ್ಲಿಗೆ ಮುಗಿಯಿತು. ನಮ್ಮ ಲೆಕ್ಕ ಮುಗಿಯಲಿಲ್ಲ. ಕೀಳಿಸಿದ ದಿನ, ಅದರ ಮರುದಿನ, ಹೊಲಿಗೆ ಬಿಚ್ಚಿಸುವ ದಿನ, ಹೀಗೆ ಮೂರು ದಿನ ಕೂಲಿ ಹೋಯಿತು. ದಿನಕ್ಕೆ 300 ಅಂದರೆ 900. ಜೊತೆಗೆ ಬಂದ ಗಂಡನ ಬಸ್ ಖರ್ಚು 100. ಈಗ ಒಟ್ಟು ಎಷ್ಟು? 4,000. ಕೇಳಿದ್ದು 2,000, ಆಗಿದ್ದು 4,000. ಯಾರೂ ಮೋಸ ಮಾಡಿಲ್ಲ. ನಾವು ಪೂರ್ತಿ ಕೇಳಲಿಲ್ಲ, ಅಷ್ಟೇ.

ಹೆಂಗಸರ ಬಸ್ ಖರ್ಚು ಯಾಕೆ ಬರೆದಿಲ್ಲ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಂಗಸರಿಗೆ ರಾಜ್ಯದ ಒಳಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ರೊಕ್ಕ ಇಲ್ಲ. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ ಎಲ್ಲಿಗೂ ಹೋಗಬಹುದು. ಆಧಾರ್ ಕಾರ್ಡ್ ಜೊತೆಗಿರಲಿ.

ಇನ್ನು ಕೀಳಿಸದೇ ಇದ್ದರೆ? ಆ ಸೊಸೆಯ ನಾಲ್ಕು ತಿಂಗಳ ಲೆಕ್ಕ ಹಾಕಿ. ವಾರಕ್ಕೆ 30 ರೂಪಾಯಿ ಗುಳಿಗೆ. 16 ವಾರಕ್ಕೆ 480. ನೋವು ಹೆಚ್ಚಾಗಿ ಕೆಲಸ ತಪ್ಪಿದ ದಿನ 6. ಅದರ ಕೂಲಿ 1,800. ಎರಡೂ ಕೂಡಿದರೆ 2,280. ಇಷ್ಟು ಹೋದರೂ ಹಲ್ಲು ಅಲ್ಲೇ ಇದೆ. ನೋವೂ ಅಲ್ಲೇ ಇದೆ. ಗುಳಿಗೆ ಹೆಚ್ಚು ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುವ ಭಯ ಬೇರೆ.

ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಸಾಲ ಮಾಡುತ್ತೇವೆ. ಅದರ ಬಡ್ಡಿಯೂ ಹಲ್ಲಿನ ಖರ್ಚೇ. 4,000 ರೂಪಾಯಿ ಕೈಸಾಲ ತಂದಿರಿ ಅನ್ನಿ. ತಿಂಗಳಿಗೆ ನೂರಕ್ಕೆ 5 ಬಡ್ಡಿ. ಹಾಗಾದರೆ ತಿಂಗಳಿಗೆ 200. ಹತ್ತು ತಿಂಗಳಿಗೆ 2,000. ನಿಮ್ಮ ಮಹಿಳಾ ಸಂಘದಲ್ಲಿ ನೂರಕ್ಕೆ 1 ಬಡ್ಡಿ ಇದ್ದರೆ ತಿಂಗಳಿಗೆ 40 ಮಾತ್ರ. ಸಂಘದ ಸಭೆಯಲ್ಲಿ ಹಲ್ಲಿಗೆ ಸಾಲ ಕೇಳಲು ನಾಚಿಕೆ ಯಾಕೆ? ಎಮ್ಮೆಗೆ ಕೇಳುತ್ತೇವೆ, ಮದುವೆಗೆ ಕೇಳುತ್ತೇವೆ.

ಸಾಲಕ್ಕಿಂತ ಮೊದಲು ಸರ್ಕಾರಿ ದವಾಖಾನೆ ನೋಡಿ. ಬೇಡಕಿಹಾಳ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು. ಈಗ ನಿಪ್ಪಾಣಿ ತಾಲ್ಲೂಕು. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಸುಮ್ಮನೆ ಹೋಗಿ ವಾಪಸು ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಒಯ್ಯಿರಿ. ಅಲ್ಲಿ ಖರ್ಚು ಬಹಳ ಕಡಿಮೆ.

ಎಲುಬಿನೊಳಗೆ ಸಿಕ್ಕ ಹಲ್ಲಾದರೆ ಅವರೇ ಬೆಳಗಾವಿಗೆ ಕಳಿಸಬಹುದು. ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರಿಕೆ ಕಲಿಸುವ ಕಾಲೇಜುಗಳಿವೆ. ಕೆ.ಎಲ್.ಇ. ಸಂಸ್ಥೆಯ ಹಲ್ಲಿನ ಕಾಲೇಜು 1985ರಲ್ಲಿ ಸುರುವಾಯಿತು. ಇಂಥ ಕಾಲೇಜುಗಳಲ್ಲಿ ಕಲಿಯುವ ಡಾಕ್ಟರುಗಳು ಗುರುಗಳ ಕಣ್ಣೆದುರಿಗೆ ಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ ರೊಕ್ಕ. ಆದರೆ ಹೊತ್ತು ಹೆಚ್ಚು ಬೇಕು, ಇಡೀ ದಿನ ಹೋಗಬಹುದು. ಆ ಕೂಲಿಯನ್ನೂ ಲೆಕ್ಕದಲ್ಲಿ ಹಿಡಿಯಿರಿ.

ನಮ್ಮ ಕಡೆಯವರು ಇಚಲಕರಂಜಿಗೆ, ಮಿರಜಿಗೆ ಹೋಗುವುದೂ ಉಂಟು. ಹೋಗಬಾರದು ಅಂತಲ್ಲ. ಅದು ಮಹಾರಾಷ್ಟ್ರ. ನಮ್ಮ ಕಾರ್ಡು ಅಲ್ಲಿ ನಡೆಯುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅಂತ ಕೆಲವರು ಅಂತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅದರಲ್ಲಿ ಚಿಕಿತ್ಸೆ ಇದೆ, ನಿಜ. ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಚಿಕಿತ್ಸೆಗೆ. ಹಲ್ಲು ಕೀಳಿಸಿ ಅದೇ ದಿನ ಮನೆಗೆ ಬರುತ್ತೇವೆ. ಆದ್ದರಿಂದ ಕಾರ್ಡ್ ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ. ಕಾರ್ಖಾನೆಯ ಇಎಸ್‌ಐ ಕಾರ್ಡ್ ಇದ್ದವರು ಇಎಸ್‌ಐ ದವಾಖಾನೆಯಲ್ಲಿ ಕೇಳಿ. ಬೀಡಿ ಕಟ್ಟುವವರು ಬೀಡಿ ಕಾರ್ಡ್ ತೋರಿಸಿ ಬೀಡಿ ಕಾರ್ಮಿಕರ ದವಾಖಾನೆಯಲ್ಲಿ ಕೇಳಿ.

ಖಾಸಗಿ ದವಾಖಾನೆಗೆ ಹೋದರೆ ಗೋಡೆ ನೋಡಿ. ಈಗ ನಿಮಗೆ ಓದಲು ಬರುತ್ತದೆ. ಕರ್ನಾಟಕದಲ್ಲಿ ಖಾಸಗಿ ದವಾಖಾನೆಗಳಿಗೆ 2007ರ ಒಂದು ಕಾನೂನು ಇದೆ. ಅದರ ಪ್ರಕಾರ ಅವರು ತಮ್ಮ ದರಗಳನ್ನು ಜನರಿಗೆ ತಿಳಿಸಬೇಕು. ಫಲಕ ಕಾಣದಿದ್ದರೆ ಕೇಳಿ. ಖರ್ಚನ್ನು ಚೀಟಿಯಲ್ಲಿ ಬರೆದುಕೊಡಿ ಅನ್ನಿ. ಇಂಗ್ಲಿಷಿನಲ್ಲಿ ಬರೆದರೆ ಕನ್ನಡದಲ್ಲಿ ಬರೆಯಿರಿ ಅನ್ನಿ. ಸಿಟ್ಟಾಗುತ್ತಾರೆ ಅಂತ ಹೆದರಬೇಡಿ. ಬಳೆ ಅಂಗಡಿಯಲ್ಲಿ ದರ ಕೇಳುವುದಿಲ್ಲವೇ? ಹಲ್ಲು ಕೀಳುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಚೀಟಿಯಲ್ಲಿ ಅದನ್ನು ಸೇರಿಸಿದ್ದರೆ ಯಾಕೆ ಅಂತ ಕೇಳಿ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕೂತು ಅಗ್ಗಕ್ಕೆ ಹಲ್ಲು ಕೀಳುವವರ ಹತ್ತಿರ ಮಾತ್ರ ಹೋಗಬೇಡಿ. ಅವರ ಇಕ್ಕಳ ಎಷ್ಟು ಬಾಯಿ ಕಂಡಿದೆಯೋ!

ಕೀಳಿಸುವ ಮೊದಲು ಡಾಕ್ಟರಿಗೆ ಎಲ್ಲ ಹೇಳಿ. ಬಸುರಿ ಇದ್ದರೆ, ಕೂಸಿಗೆ ಹಾಲು ಕುಡಿಸುತ್ತಿದ್ದರೆ, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ, ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡಬೇಡಿ.

ಕೆಲವು ಸಲ ಖರ್ಚಿನ ಲೆಕ್ಕ ಹಾಕುತ್ತ ಕೂಡಬಾರದು. ದವಡೆಯ ಕೆಳಗೆ, ಕುತ್ತಿಗೆಗೆ ಬಾವು ಇಳಿದರೆ, ಜ್ವರ ಬಂದರೆ, ಉಗುಳು ನುಂಗಲು ಆಗದಿದ್ದರೆ, ಉಸಿರಾಟಕ್ಕೆ ತ್ರಾಸಾದರೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಸರಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದು ಜೀವ ಹೋಗುವುದುಂಟು.

ನಮ್ಮ ಸೊಸೆಯ ಕಥೆ ಅಷ್ಟು ದೂರ ಹೋಗಲಿಲ್ಲ ಅನ್ನೋಣ. ಅತ್ತೆಯೇ ಕರೆದುಕೊಂಡು ಹೋದಳು. ಹಲ್ಲು ಕಿತ್ತ ಮೇಲೆ ಡಾಕ್ಟರು ಗಾಯದ ಮೇಲೆ ಬಟ್ಟೆ ಇಟ್ಟು, ಅರ್ಧ ಗಂಟೆ ಕಚ್ಚಿ ಹಿಡಿ ಅಂದರು. ಆ ದಿನ ಉಗುಳಬೇಡ, ಬಾಯಿ ಮುಕ್ಕಳಿಸಬೇಡ, ಬಿಸಿ ಚಹಾ ಕುಡಿಯಬೇಡ ಅಂದರು. ಮರುದಿನದಿಂದ ಉಗುರು ಬಿಸಿ ಉಪ್ಪು ನೀರು. ಊಟಕ್ಕೆ ಆರಿದ ಗಂಜಿ, ಮಜ್ಜಿಗೆ ಅನ್ನ. ಮಿಶ್ರಿ, ಗುಟ್ಕಾ ಮುಟ್ಟಕೂಡದು. ತಂಬಾಕು ತಾಗಿದರೆ ಗಾಯ ಮಾಯುವುದು ತಡ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋದರೆ ಮೊದಲಿಗಿಂತ ಹೆಚ್ಚು ನೋವು. ಮತ್ತೆ ದವಾಖಾನೆ, ಮತ್ತೆ ಕೂಲಿ ಹೋಗುವುದು.

ಎಂಟನೇ ದಿನ ಹೊಲಿಗೆ ಬಿಚ್ಚಿಸಿದರು. ಬಸ್ಸಿನಲ್ಲಿ ಬರುವಾಗ ಸೊಸೆ ಚೀಟಿ ತೆಗೆದು ಒಂದೊಂದೇ ಸಾಲು ಅತ್ತೆಗೆ ಓದಿ ಹೇಳಿದಳು. ಕೊನೆಯ ಸಾಲಿನಲ್ಲಿ "ಬಾಕಿ ಇಲ್ಲ" ಅಂತ ಬರೆದಿತ್ತು.

"ಹೌದನು? ಇನ್ನೊಮ್ಮಿ ಓದು," ಅಂದಳು ಅತ್ತೆ.