ಏರಿಯ ಹಿಂದಿನ ನೀರು ತಿಳಿಯಾಗಿದೆಯೇ?

2024ರ ಸೆಪ್ಟೆಂಬರ್ 1, ಭಾನುವಾರ. ವಿಶಾಖಪಟ್ಟಣದ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ನಮ್ಮ ಟೀಮಿನ ಹುಡುಗನಿಂದ ಮೆಸೇಜ್ ಬಂತು. ಅವನ ಮನೆ ವಿಜಯವಾಡದ ಸಿಂಗ್ ನಗರದಲ್ಲಿ. "ಸರ್, ನಾಳೆ ಲಾಗಿನ್ ಆಗೋಕಾಗಲ್ಲ. ನೆಲಮಹಡಿ ಪೂರ್ತಿ ನೀರು. ಲ್ಯಾಪ್‌ಟಾಪ್ ಅಟ್ಟದ ಮೇಲಿಟ್ಟಿದ್ದೀನಿ." ಆಮೇಲೆ ಎರಡು ದಿನ ಅವನ ಫೋನ್ ಸಿಗಲಿಲ್ಲ.

ಆ ವಾರ ಟಿವಿಯವರೆಲ್ಲ ಕೃಷ್ಣಾ ನದಿಯನ್ನೇ ತೋರಿಸುತ್ತಿದ್ದರು. ತೋರಿಸಬೇಕಾದದ್ದೇ, ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ ನೀರು ಹರಿದು ದಾಖಲೆಯಾಗಿತ್ತು. ಆದರೆ ನಮ್ಮ ಹುಡುಗನ ಮನೆ ಮುಳುಗಿಸಿದ್ದು ಬುಡಮೇರು ಎನ್ನುವ ವಾಗು. ವಾಗು ಅಂದರೆ ನಮ್ಮ ಹಳ್ಳ. ಕೊಲ್ಲೇರು ಸರೋವರದ ಕಡೆಗೆ ಹೋಗುವ ಈ ಹಳ್ಳ ಊರಿಗೆ ನುಗ್ಗದಿರಲೆಂದು ವೆಲಗಲೇರು ಬಳಿ ರೆಗ್ಯುಲೇಟರ್ ಕಟ್ಟಿ, ನೀರನ್ನು ಕೃಷ್ಣೆಗೆ ತಿರುಗಿಸುವ ಕಾಲುವೆ ತೋಡಿದ್ದಾರೆ. ಕೃಷ್ಣೆಯೇ ತುಂಬಿದಾಗ ಆ ಕಾಲುವೆಯ ನೀರು ಎಲ್ಲಿಗೆ ಹೋಗಬೇಕು? ಕಾಲುವೆಯ ಮಣ್ಣಿನ ಒಡ್ಡು ಮೂರು ಕಡೆ ಒಡೆಯಿತು. ಸೇನೆಯ ಇಂಜಿನಿಯರುಗಳೂ ಬಂದು, ತಂತಿ ಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ, ಕೊನೆಯ ಬಿರುಕು ಮುಚ್ಚುವ ಹೊತ್ತಿಗೆ ಸೆಪ್ಟೆಂಬರ್ 7.

ಬುಡಮೇರಿನದು ಕಾಲುವೆಯ ಒಡ್ಡು, ಅಣೆಕಟ್ಟೆಯಲ್ಲ, ನಿಜ. ಆದರೆ ಕೆರೆಯ ಏರಿ, ಕಾಲುವೆಯ ಒಡ್ಡು, ಸಣ್ಣ ಮಣ್ಣಿನ ಅಣೆಕಟ್ಟೆ, ಮೂರರ ಜಾತಕವೂ ಒಂದೇ. ಮೂರೂ ಒಂದೇ ರೀತಿ ಬದುಕುತ್ತವೆ, ಒಂದೇ ರೀತಿ ಸಾಯುತ್ತವೆ.

ನಾನು ಹುಟ್ಟಿದ್ದು ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಹಾಗಾಗಿ ಇಲ್ಲಿಗೆ ಬಂದಾಗ ಕೆರೆಯ ಪದಗಳು ಹೊಸದೆನಿಸಲಿಲ್ಲ. ನಮ್ಮ ಏರಿ ಇಲ್ಲಿ ಕಟ್ಟ, ತೂಬು ತೂಮು, ಹೆಚ್ಚಾದ ನೀರು ಹೊರಹೋಗುವ ಕೋಡಿ ಅಲುಗು. ವಿಶಾಖಪಟ್ಟಣದ ಕಡೆ ಹಳ್ಳಕ್ಕೆ ಗೆಡ್ಡ ಅನ್ನುತ್ತಾರೆ. ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯಗಳಲ್ಲೊಂದರ ಹೆಸರೇ ಮೇಘಾದ್ರಿಗೆಡ್ಡ. ಅದರ ಗೇಟು ತೆರೆದರೆ ನೀರು ವಿಮಾನ ನಿಲ್ದಾಣದ ಮಗ್ಗುಲಲ್ಲೇ ಹಾದು ಬಂದರಿನ ಕಡೆ ಹೋಗಬೇಕು. ಅದಕ್ಕಿಂತ ಹಳೆಯದು ಮುಡಸರ್ಲೋವ. ಈಗ ಅದರ ನೀರಿನ ಮೇಲೆ 2 ಮೆಗಾವ್ಯಾಟಿನ ತೇಲುವ ಸೋಲಾರ್ ಫಲಕಗಳಿವೆ. ಪಕ್ಕದ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ನಮ್ಮಂಥವರಿಗೆ ಅದು ಸೆಲ್ಫಿ ಜಾಗ. ನಾವು ನಲ್ಲಿ ತಿರುಗಿಸುತ್ತೇವೆ, ಅಷ್ಟೆ. ಹಿಂದೆ ಒಂದು ಮಣ್ಣಿನ ಗುಡ್ಡೆ ಹಗಲೂ ರಾತ್ರಿ ನೀರನ್ನು ಒರಗಿ ನಿಂತಿದೆ ಅನ್ನುವುದು ನೆನಪಿಗೆ ಬರುವುದಿಲ್ಲ.

ಮಣ್ಣಿನ ಕಟ್ಟೆ ಸೋರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ತಪ್ಪು. ಎಲ್ಲ ಮಣ್ಣಿನ ಕಟ್ಟೆಗಳೂ ಸೋರುತ್ತವೆ. ನಡುವೆ ಜೇಡಿಮಣ್ಣಿನ ಗೋಡೆ ಇಟ್ಟು ಒಸರನ್ನು ಕಡಿಮೆ ಮಾಡುತ್ತಾರೆ, ಹಿಂಬದಿಯಲ್ಲಿ ಮರಳು, ಜಲ್ಲಿಯ ಪದರ ಇಟ್ಟು, ಬರುವ ನೀರು ಮಣ್ಣಿನ ಕಣವನ್ನು ಹೊತ್ತು ತರದಂತೆ ಸೋಸುತ್ತಾರೆ. ಒಸರು ತಿಳಿಯಾಗಿದ್ದರೆ ಕಟ್ಟೆ ಉಸಿರಾಡುತ್ತಿದೆ ಅಂತ ಅರ್ಥ. ಕದಡಿದ್ದರೆ ಒಳಗಿನ ಮಣ್ಣು ಹೊರಗೆ ಬರುತ್ತಿದೆ. ಒಳಗೆ ಬೆರಳುಗಾತ್ರದ ಕೊಳವೆ, ಆಮೇಲೆ ತೋಳುಗಾತ್ರದ್ದು, ಆಮೇಲೆ ಕೆಲವೇ ಗಂಟೆ. ಇದು ಹೆಚ್ಚಾಗಿ ಶುರುವಾಗುವುದು ತೂಬಿನ ಮಗ್ಗುಲಲ್ಲಿ, ಮಣ್ಣೂ ಕಲ್ಲೂ ಕೂಡುವ ಕಡೆ. ಇಲ್ಲವೇ ಏರಿಯ ಮೇಲೆ ಬೆಳೆದ ಬಳ್ಳಾರಿ ಜಾಲಿಯ ಬೇರು ಕೊಳೆತು ಉಳಿಸಿದ ಬಿಲದಲ್ಲಿ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ಚಿಪ್ಳೂಣ್ ತಾಲ್ಲೂಕಿನ ತಿವರೆ ಅಣೆಕಟ್ಟೆ ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತರು. ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. ಅಂದಿನ ಜಲಸಂರಕ್ಷಣಾ ಸಚಿವರು ಏಡಿಗಳು ಕೊರೆದದ್ದರಿಂದ ಒಡೆಯಿತು ಎಂದಾಗ ದೇಶವೇ ನಕ್ಕಿತು, ನಾನೂ ವಾಟ್ಸಾಪಿನಲ್ಲಿ ಜೋಕು ಫಾರ್ವರ್ಡ್ ಮಾಡಿದೆ. ಆಮೇಲೆ ಓದಿದಾಗ ಗೊತ್ತಾಯಿತು, ಇಲಿ, ಹೆಗ್ಗಣ, ಏಡಿಗಳ ಬಿಲ ಮಣ್ಣಿನ ಕಟ್ಟೆಗೆ ನಿಜವಾಗಿಯೂ ಅಪಾಯ. ಅದಕ್ಕೇ ಬಿಲ ಹುಡುಕಿ ಮುಚ್ಚುವವನೊಬ್ಬ ಬೇಕಿರುವುದು. ಏಡಿಯ ಮೇಲೆ ಹೊಣೆ ಹೊರಿಸಿದರೆ ಆ ಕೆಲಸ ಯಾರದು ಎಂಬ ಪ್ರಶ್ನೆ ಮುಗಿಯುವುದಿಲ್ಲ.

ಇನ್ನೊಂದು ಸಾವು ಮೇಲಿನಿಂದ. ಮಣ್ಣಿನ ಕಟ್ಟೆಯ ನೆತ್ತಿಯ ಮೇಲೆ ನೀರು ಹರಿಯಬಾರದು. ಕಾಂಕ್ರೀಟ್ ಆದರೆ ಸ್ವಲ್ಪ ಹೊತ್ತು ತಡೆದೀತು, ಮಣ್ಣು ತಡೆಯುವುದಿಲ್ಲ. ದನ, ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಕಡೆಯಲ್ಲೇ ಮೊದಲು ಕೊರೆತ. ಆದ್ದರಿಂದ ಕೋಡಿ ತೆರೆದಿರಬೇಕು, ಗೇಟಿದ್ದರೆ ಅದು ಏಳಬೇಕು. 2021ರ ನವೆಂಬರ್ 19ರಂದು ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆಯ ಮಣ್ಣಿನ ಭಾಗ ಕೊಚ್ಚಿಹೋಯಿತು. ಮೇಲಿನ ಪಿಂಚ ಜಲಾಶಯದಿಂದಲೂ ಪ್ರವಾಹ ಬಂದಿತ್ತು, ಐದು ಗೇಟುಗಳಲ್ಲಿ ಒಂದು ಕೆಟ್ಟು ನಿಂತಿತ್ತು. ನದಿ ದಂಡೆಯ ಊರುಗಳಲ್ಲಿ ಹಲವರು ಸತ್ತರು. ಸಣ್ಣ ಕೆರೆಗಳಲ್ಲಿ ಗೇಟೂ ಇಲ್ಲ. ಅಲ್ಲಿ ಮೀನು ಹಿಡಿಯುವ ಗುತ್ತಿಗೆದಾರರು ಕೋಡಿಗೆ ಬಲೆ ಕಟ್ಟುತ್ತಾರೆ, ರೈತರು ಇನ್ನೊಂದು ಮೊಳ ನೀರು ನಿಲ್ಲಲೆಂದು ಮರಳುಮೂಟೆ ಇಡುತ್ತಾರೆ, ಊರು ಬೆಳೆದಂತೆ ಕೋಡಿಹಳ್ಳದಲ್ಲಿ ಸೈಟು ಬೀಳುತ್ತದೆ. ಬೆಂಗಳೂರಿನಲ್ಲಿರುವವರಿಗೆ 2019ರ ನವೆಂಬರ್ 24 ನೆನಪಿರಬೇಕು. ಅಂದು ಹುಳಿಮಾವು ಕೆರೆ ಒಡೆದದ್ದಕ್ಕೆ ಪ್ರವಾಹ ಕಾರಣವಲ್ಲ, ಏರಿಯನ್ನು ಅಗೆದದ್ದು ಎಂದು ವರದಿಯಾಗಿತ್ತು.

ಅನ್ನಮಯ್ಯ ಒಡೆದ ಮರುತಿಂಗಳು ಸಂಸತ್ತಿನಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆ ಪಾಸಾಯಿತು. ಒಳ್ಳೆಯ ಕಾಯಿದೆ, ಪ್ರತಿ ಮಳೆಗಾಲದ ಹಿಂದೆ, ಮುಂದೆ ತಪಾಸಣೆ ಕಡ್ಡಾಯ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರ್ ಇದ್ದರೆ ಉದ್ದ 500 ಮೀಟರ್ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ನಿಲ್ಲಬೇಕು, ಹೀಗೆ ಕೆಲವು ಷರತ್ತುಗಳು. ಹತ್ತಕ್ಕಿಂತ ಕೆಳಗಿನವು ಲೆಕ್ಕಕ್ಕೇ ಇಲ್ಲ. ಕರ್ನಾಟಕದಲ್ಲಿ ಕೆರೆಗಳನ್ನು ಹಂಚಿರುವುದು ಅಚ್ಚುಕಟ್ಟಿನ ಮೇಲೆ: 40 ಹೆಕ್ಟೇರ್‌ವರೆಗೆ ಪಂಚಾಯತಿಗಳಿಗೆ, ಅದಕ್ಕೂ ಹೆಚ್ಚಾದರೆ ಸಣ್ಣ ನೀರಾವರಿ ಇಲಾಖೆಗೆ. ಒಂದು ಕಡೆ ಮೀಟರ್, ಇನ್ನೊಂದು ಕಡೆ ಹೆಕ್ಟೇರ್. ಏರಿಯ ಕೆಳಗೆ ಎಷ್ಟು ಮನೆಗಳಿವೆ ಅನ್ನುವುದರ ಮೇಲೆ ಸಣ್ಣ ಕಟ್ಟೆಯನ್ನು ಅಳೆಯುವವರಿಲ್ಲ.

ಅಮೆರಿಕ ಈ ಪಾಠವನ್ನು ಹೆಣ ಎಣಿಸಿ ಕಲಿಯಿತು. 1977ರ ನವೆಂಬರ್ 6ರ ನಸುಕಿನಲ್ಲಿ ಜಾರ್ಜಿಯಾದ ಟೊಕ್ಕೋವಾ ಬಳಿ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಕಟ್ಟೆ ಒಡೆದು ಕೆಳಗಿನ ಬೈಬಲ್ ಕಾಲೇಜಿನ 39 ಜನ ಸತ್ತರು. ಎತ್ತರ ಸುಮಾರು 12 ಮೀಟರ್. ಉದ್ದ, ನೀರಿನ ಪ್ರಮಾಣದ ಲೆಕ್ಕದಲ್ಲಿ ಇವತ್ತಿನ ನಮ್ಮ ಕಾಯಿದೆಗೂ ಅದು ಸಿಕ್ಕುತ್ತಿರಲಿಲ್ಲ. ಈಗ ಅಲ್ಲಿ ಕಟ್ಟೆ ಗಟ್ಟಿಯಾಗಿದ್ದರೂ, ಒಡೆದರೆ ಜೀವ ಹೋಗುವಂತಿದ್ದರೆ ಸಾಕು, ಅದನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸುತ್ತಾರೆ.

ನಮ್ಮೂರಲ್ಲಿ ಈ ಕೆಲಸಕ್ಕೆ ನೀರುಗಂಟಿ ಇದ್ದ. ತೂಬು ಎತ್ತುವುದು, ಗದ್ದೆಗೆ ನೀರು ಹಂಚುವುದು ಮಾತ್ರವಲ್ಲ, ಮಳೆ ರಾತ್ರಿಯಲ್ಲಿ ಲಾಟೀನು ಹಿಡಿದು ಏರಿಯ ಉದ್ದಕ್ಕೂ ನಡೆಯುವುದೂ ಅವನ ಪಾಲು. ಸುಗ್ಗಿಯಲ್ಲಿ ಎಲ್ಲರ ಕಣದಿಂದ ಅವನಿಗೆ ಕಾಳು ಹೋಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಅವನ ಮಗ ಬೇರೆ ಕೆಲಸಕ್ಕೆ ಹೋದದ್ದು ಸರಿಯಾಗಿಯೇ ಇದೆ. ಆದರೆ ಆ ಕೆಲಸಕ್ಕೆ ಸಂಬಳ ಕೊಟ್ಟು ಇನ್ನೊಬ್ಬರನ್ನು ನಾವು ಇಡಲೇ ಇಲ್ಲ. ಬೋರ್‌ವೆಲ್ ಬಂದ ಮೇಲೆ ಕೆರೆಯ ನೀರು ಯಾರಿಗೂ ಬೇಡವಾಯಿತು. ಬೋರ್‌ವೆಲ್ಲಿಗೆ ನೀರು ಇಳಿಯುವುದೇ ಆ ಕೆರೆಯಿಂದ ಅನ್ನುವುದು ಬೇರೆ ಮಾತು.

ಸಿಂಗ್ ನಗರದ ಹುಡುಗ ಹತ್ತು ದಿನದ ಮೇಲೆ ಕೆಲಸಕ್ಕೆ ಬಂದ. ಲ್ಯಾಪ್‌ಟಾಪ್ ಉಳಿದಿತ್ತು, ಅವರಮ್ಮನ ಹೊಲಿಗೆ ಯಂತ್ರ ಹೋಗಿತ್ತು. ಅವತ್ತು ಸಂಜೆ ಊರಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಕೆರೆ ಏರಿ ಹಿಂದುಗಡೆ ಜಿನುಗುತ್ತಲ್ಲ, ಆ ನೀರು ತಿಳಿಯಾಗಿದೆಯಾ ಚಿಕ್ಕಪ್ಪ?"

"ಯಾವಾಗಲೂ ಜಿನುಗ್ತದೆ ಕಣೋ. ನಿಂಗೇನು ಅಲ್ಲಿ ಕೂತ್ಕೊಂಡು?"

"ಒಂದು ಬಾಟ್ಲಲ್ಲಿ ಹಿಡಿದು ರಾತ್ರಿ ಹಾಗೇ ಬಿಡು. ಬೆಳಗ್ಗೆ ಫೋಟೋ ಕಳಿಸು."

ಬೈದುಕೊಂಡೇ ಕಳಿಸಿದರು. ಬಾಟಲಿಯ ತಳದಲ್ಲಿ ಅರ್ಧ ಬೆರಳು ಕೆಂಪು ಮಣ್ಣು. ಏರಿಯ ಕೆಳಗೆ ಈಗ ಹೊಸ ಬಡಾವಣೆ ಇದೆ, ಅಂಗನವಾಡಿಯೂ ಅಲ್ಲೇ. ಚಿಕ್ಕಪ್ಪ ಆ ಬಾಟಲಿಯನ್ನೇ ಹಿಡಿದುಕೊಂಡು ಅರ್ಜಿ ಕೊಡಲು ಹೋದರು. ಕೆರೆ ಯಾರ ವ್ಯಾಪ್ತಿಗೆ ಬರುತ್ತದೆ ನೋಡಿ ಹೇಳುತ್ತೇವೆ ಎಂದರಂತೆ. ಅಲ್ಲಿಯವರೆಗೆ ಅವರೂ ಇನ್ನಿಬ್ಬರೂ ಸೇರಿ, ಜೋರು ಮಳೆ ಬಂದ ದಿನ ಟಾರ್ಚು ಹಿಡಿದು ಏರಿ ಸುತ್ತಿ ಬರುತ್ತಿದ್ದಾರೆ.