ಬುಡ ಕೊಳೆಸುವ ಅಣಬೆ ಕಣ್ಣು ಕಾಯುತ್ತದೆಯೇ?

ಅಡಿಕೆ, ತೆಂಗು ಬೆಳೆಯುವವರಿಗೆ ಅಣಬೆ ರೋಗದ ಪರಿಚಯ ಹೇಳಿಕೊಡಬೇಕಿಲ್ಲ. ಮರದ ಬುಡದಲ್ಲಿ ಕಂದುಗೆಂಪಾಗಿ, ವಾರ್ನಿಷ್ ಬಳಿದಂತೆ ಹೊಳೆಯುವ ಗಟ್ಟಿ ಅಣಬೆ ಮೂಡಿತೆಂದರೆ ಒಳಗೆ ಬೇರು ಕೊಳೆತಾಗಿದೆ ಎಂದೇ ಅರ್ಥ. ಈ ಕಾಟ ಕೊಡುವುದು ಗ್ಯಾನೋಡರ್ಮ ಎಂಬ ಶಿಲೀಂಧ್ರ. ಅದೇ ಕುಲದ ಅಣಬೆಯನ್ನು ಚೀನಾದವರು ಲಿಂಗ್‌ಝಿ, ಜಪಾನಿನವರು ರೇಷಿ ಎಂದು ಕರೆದು ಶತಮಾನಗಳಿಂದ ಮದ್ದಾಗಿ ಬಳಸುತ್ತಿದ್ದಾರೆ. ಈಗ ಇಂಥ ಅಣಬೆಗಳ ಸಾರ ಬೆಳಕಿನ ಹೊಡೆತದಿಂದ ದೃಷ್ಟಿಯನ್ನು ಕಾಪಾಡುತ್ತದೆ ಎಂಬ ಮಾತು ಕೇಳಿಬರುತ್ತಿದೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರಿನ ಕಡೆಯವರು ಕ್ಯಾಪ್ಸೂಲಿಗೆ ದುಡ್ಡು ಕೊಡುವ ಮೊದಲು, ಯಾವ ಬೆಳಕು, ಯಾರ ಕಣ್ಣು ಎಂದು ವಿಚಾರಿಸುವುದು ಒಳ್ಳೆಯದು.

ಆ ಮಾತು ಪೂರ್ತಿ ಬುರುಡೆಯೇನಲ್ಲ. ತೀಕ್ಷ್ಣ ಬೆಳಕು, ಅದರಲ್ಲೂ ನೀಲಿ ಬೆಳಕು ಅಕ್ಷಿಪಟಲದ ಮೇಲೆ ಬಹಳ ಹೊತ್ತು ಬಿದ್ದರೆ ಆಮ್ಲಜನಕದ ಉಗ್ರ ಕಣಗಳು ಹುಟ್ಟಿ ಜೀವಕೋಶಗಳನ್ನು ಹಾಳುಮಾಡುತ್ತವೆ. ಅವನ್ನು ತಣಿಸುವ ಎರ್ಗೋಥಯೋನಿನ್ ಎಂಬ ವಸ್ತು ಅಣಬೆಗಳಲ್ಲಿ ಹೇರಳವಾಗಿದೆ. ನಮ್ಮ ದೇಹ ಇದನ್ನು ತಾನೇ ತಯಾರಿಸಲಾರದು, ಆದರೂ ಆಹಾರದಿಂದ ಹೀರಿಕೊಳ್ಳಲು ಪ್ರತ್ಯೇಕ ವಾಹಕ ಪ್ರೋಟೀನನ್ನೇ ಇಟ್ಟುಕೊಂಡಿದೆ ಎಂಬುದು 2005ರಲ್ಲಿ ಗೊತ್ತಾಯಿತು. ಕುತೂಹಲ ಹುಟ್ಟಿಸುವ ಸಂಗತಿಯೇ. ಆದರೆ ಅಣಬೆ ಸಾರದ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ, ಇಲ್ಲವೇ ಇಲಿಗಳ ಮೇಲೆ. ಮಾಮೂಲಿ ದೀಪದ ಬೆಳಕೇ ಇಲಿಯ ಅಕ್ಷಿಪಟಲವನ್ನು ಕೆಡಿಸಬಲ್ಲದು ಎಂದು ವರ್ನರ್ ನೋಯೆಲ್ 1966ರಲ್ಲೇ ತೋರಿಸಿದ್ದರು. ಬಿಳಿ ಇಲಿ ನಿಶಾಚರಿ, ಅದರ ಕಣ್ಣಿನಲ್ಲಿ ಬೆಳಕು ತಡೆಯುವ ಕಪ್ಪು ವರ್ಣದ್ರವ್ಯವೂ ಇಲ್ಲ. ಅದಕ್ಕೆ ಒದಗಿದ ಮದ್ದು ಹಗಲೆಲ್ಲ ಬಿಸಿಲಲ್ಲಿ ದುಡಿಯುವ ಕರಿಗಣ್ಣಿನವರಿಗೂ ಒದಗಲೇಬೇಕೆಂದಿಲ್ಲ.

ಕಣ್ಣಿಗೆ ಪೂರಕ ಮಾತ್ರೆ ಕೊಡುವ ಡಾಕ್ಟರುಗಳೇ ಇದ್ದಾರಲ್ಲ ಎನ್ನಬಹುದು. ಇದ್ದಾರೆ. ಆ ಮಾತ್ರೆಗಳ ಹಿಂದೆ ಅಮೆರಿಕದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಎಆರ್‌ಇಡಿಎಸ್ ಎಂಬ ಅಧ್ಯಯನವಿದೆ. 2001ರ ವರದಿಯ ಪ್ರಕಾರ, ಮುಪ್ಪಿನ ಅಕ್ಷಿಪಟಲ ಸವೆತ ನಡುಹಂತಕ್ಕೆ ಬಂದವರಲ್ಲಿ ಅದು ಉಲ್ಬಣಿಸುವ ಸಾಧ್ಯತೆ ಸುಮಾರು ಶೇ. 25ರಷ್ಟು ತಗ್ಗಿತು. ಆರೋಗ್ಯವಾಗಿದ್ದ ಕಣ್ಣಿಗೆ ರಕ್ಷೆ ಸಿಗುತ್ತದೆಂದು ಅದು ಹೇಳಲಿಲ್ಲ. 2013ರ ಎರಡನೇ ಸುತ್ತಿನಲ್ಲಿ, ಆ ಮಿಶ್ರಣದಲ್ಲಿದ್ದ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರ ಪೈಕಿ, ಹಿಂದೆ ಸಿಗರೇಟು ಸೇದುತ್ತಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಗಜ್ಜರಿಯಲ್ಲಿರುವ ವಸ್ತುವಿನ ಕಥೆಯೇ ಹೀಗಿರುವಾಗ, ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಅಣಬೆ ಸಾರವನ್ನು ಪರೀಕ್ಷೆಯಿಲ್ಲದೆ ಪಾಸು ಮಾಡುವುದು ಹೇಗೆ?

ಇನ್ನು ಬೆಳಕಿನ ವಿಚಾರ. ಮೊಬೈಲಿನ ನೀಲಿ ಬೆಳಕಿಗೆ ಹೆದರುವವರು ಬಹಳ, ಆದರೆ ಬಯಲಿನ ಹಗಲಿನ ಮುಂದೆ ಅದು ಏನೇನೂ ಅಲ್ಲ. ಪರದೆ ನೋಡಿ ಕಣ್ಣು ಉರಿಯುವುದಕ್ಕೆ ರೆಪ್ಪೆ ಬಡಿಯುವುದು ಕಡಿಮೆಯಾಗುವುದೇ ಮುಖ್ಯ ಕಾರಣ. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹಣ್ಣು ಹರವಿ, ಹೊತ್ತುಹೊತ್ತಿಗೆ ಕೈಯಾಡಿಸುವವರ ಕಣ್ಣಿಗೆ ಬಿಸಿಲು ಮೇಲಿನಿಂದಲೂ ಬೀಳುತ್ತದೆ, ಸಿಮೆಂಟಿನ ನೆಲದಿಂದಲೂ ಎದ್ದು ಬರುತ್ತದೆ. ಅದರಲ್ಲಿರುವ ನೇರಳಾತೀತ ಕಿರಣ ಕಾರ್ನಿಯಾ ಮತ್ತು ಮಸೂರದಲ್ಲೇ ಬಹುಪಾಲು ತಡೆಯಲ್ಪಡುತ್ತದೆ. ಹಾಗಾಗಿ ಅದು ತರುವ ತೊಂದರೆ ಹೆಚ್ಚಾಗಿ ಮುಂಭಾಗದ್ದೇ, ಅಂದರೆ ಮಸೂರದ ಪೊರೆ ಮತ್ತು ಬಿಳಿಗುಡ್ಡೆಯಿಂದ ಕಾರ್ನಿಯಾದ ಮೇಲೆ ಬೆಳೆಯುವ ಮಾಂಸ. ಅಗಲ ಅಂಚಿನ ಟೋಪಿ, ನೇರಳಾತೀತ ಕಿರಣ ತಡೆಯುವ ಕನ್ನಡಕ ನೇರವಾಗಿ ಕೆಲಸ ಮಾಡುವುದು ಇಲ್ಲೇ.

ಹಾಗೆಂದು ಮಳೆಗಾಲದ ಅಣಬೆ ಸಾರು ಬಿಡಬೇಕಿಲ್ಲ, ಗುರುತು ಚೆನ್ನಾಗಿ ಗೊತ್ತಿದ್ದರೆ ಅದು ಊಟವೇ. ತೋಟದ ಮರದ ಬುಡದಲ್ಲಿ ಎದ್ದದ್ದೇ ರೇಷಿ ಎಂದು ಕಿತ್ತು ಕಷಾಯ ಕಾಯಿಸುವುದು ಮಾತ್ರ ಬೇಡ. ಗ್ಯಾನೋಡರ್ಮದಲ್ಲಿ ಜಾತಿಗಳು ಹಲವು, ನೋಡಿದ ಮಾತ್ರಕ್ಕೆ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಅಣಬೆ ರೋಗ ಬಂದ ಮರಕ್ಕೆ ಬೇರಿನ ಮೂಲಕ ಹೆಕ್ಸಾಕೊನಜೋಲ್‌ನಂಥ ಶಿಲೀಂಧ್ರನಾಶಕ ಕುಡಿಸುವ ರೂಢಿಯೂ ಇದೆ, ಅದರ ಅಂಶ ಕಷಾಯಕ್ಕೆ ಸೇರಿದರೂ ಸೇರಬಹುದು.