ಬೆಕ್ಕಿನ ಪಂಜದೊಳಗೊಂದು ಬಿರುಗಾಳಿ

ಶೂ... ಶೂ... ಶೂ... ಹೆಡ್‌ಫೋನಿನೊಳಗೆ ಯಾರೋ ಕಮ್ಮಾರರ ತಿದಿ ಒತ್ತುತ್ತಿದ್ದಾರೆ! ತಿದಿಯಲ್ಲ ಮಾರಾಯರೇ, ಅದು ನಮ್ಮ ಮನೆಯ ಮುದಿ ಬೆಕ್ಕಿನ ಮುಂಗಾಲಲ್ಲಿ ಹರಿಯುವ ರಕ್ತದ ಸದ್ದು! ಪಂಜದ ಅಡಿಯಲ್ಲಿ ಒಂದಿಷ್ಟು ಕೂದಲು ಬೋಳಿಸಿ, ಜೆಲ್ ಹಚ್ಚಿ, ಡಾಕ್ಟರು ರಕ್ತದ ಹರಿವನ್ನು ಸದ್ದಾಗಿಸುವ ಡಾಪ್ಲರ್ ಪ್ರೋಬ್ ಇಟ್ಟಿದ್ದರು. ಅದರ ಮೇಲ್ಗಡೆ ಕಾಲಿಗೆ ಒಂದು ಪುಟಾಣಿ ಪಟ್ಟಿ. ಗಾಳಿ ತುಂಬಿದರು, ಸದ್ದು ಮಾಯ! ಮೆಲ್ಲಗೆ ಬಿಟ್ಟರು, ಮತ್ತೆ ಶೂ! ಆ ಗಳಿಗೆಯಲ್ಲಿ ಒತ್ತಡಮಾಪಕದ ಮುಳ್ಳು ಎಲ್ಲಿದೆಯೋ ಅದೇ ಸಿಸ್ಟಾಲಿಕ್, ಅಂದರೆ ಮೇಲಿನ ಒತ್ತಡ.

ಬೆಕ್ಕಿಗೂ ಬಿಪಿಯೇ ಎಂದು ನಗಬೇಡಿ. ರಕ್ತದೊತ್ತಡ ಅಳೆಯುವ ಕತೆ ಶುರುವಾದದ್ದೇ ಪ್ರಾಣಿಗಳಿಂದ! ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಅಂಗಾತ ಕಟ್ಟಿಹಾಕಿ, ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ನಳಿಕೆ ಜೋಡಿಸಿದ. ರಕ್ತ ಏರಿತು, ಏರಿತು, 8 ಅಡಿ 3 ಅಂಗುಲದವರೆಗೆ ಏರಿ, ಎದೆಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ತೂಗಾಡಿತು! ಅರಿವಳಿಕೆಯೇ ಇಲ್ಲದ ಕಾಲ. ಆ ಕುದುರೆಯನ್ನು ನೆನೆದರೆ ಬೆರಗಿನ ಜೊತೆಗೇ ಕರುಳು ಚುರ್ ಎನ್ನುತ್ತದೆ. 1733ರಲ್ಲಿ ಅವನ ಪುಸ್ತಕ ಅಚ್ಚಾಯಿತು.

ಇಂದಿಗೂ ಅಪಧಮನಿಯೊಳಗೇ ಸಣ್ಣ ನಳಿಕೆ ಇಟ್ಟು ಅಳೆಯುವುದೇ ಒರೆಗಲ್ಲು. ಪ್ರತಿ ಬಡಿತವೂ ಪರದೆಯ ಮೇಲೆ ಅಲೆಯಾಗಿ ಏಳುತ್ತದೆ. ಆದರೆ ಎಚ್ಚರವಿರುವ ಬೆಕ್ಕು ಅದಕ್ಕೆ ಒಪ್ಪೀತೇ? ಅದಕ್ಕೇ ಪಟ್ಟಿ ಕಟ್ಟುವ ದಾರಿಗಳು. ನಮಗೆ ಬಳಸುವ ಸ್ಟೆತಸ್ಕೋಪ್ ಇಲ್ಲಿ ಸೋಲುತ್ತದೆ, ಆ ಸದ್ದು ಅಷ್ಟು ಕ್ಷೀಣ. ಆಸಿಲೊಮೆಟ್ರಿಕ್ ಯಂತ್ರವಂತೂ ಸದ್ದನ್ನೇ ಕೇಳುವುದಿಲ್ಲ! ಪಟ್ಟಿಯೊಳಗಿನ ನಡುಕವನ್ನು ಗ್ರಹಿಸಿ, ನಡುಕ ಅತಿ ಹೆಚ್ಚಿದ ಕಡೆ ಸರಾಸರಿ ಒತ್ತಡ ಹಿಡಿದು, ಮೇಲಿನ ಕೆಳಗಿನ ಅಂಕಿಗಳನ್ನು ಲೆಕ್ಕ ಕಟ್ಟಿ ಹೇಳುತ್ತದೆ. ನಾಯಿ ಸುಮ್ಮನೆ ಮಲಗಿದ್ದರೆ ಸರಾಗ. ಬೆಕ್ಕು ಕಾಲು ಕೊಡವಿತೋ, ಯಂತ್ರ ತಬ್ಬಿಬ್ಬು.

ಇನ್ನೂ ಸೋಜಿಗ ಕೇಳಿ: ಅದೇ ಬೆಕ್ಕು, ಅದೇ ಹೊತ್ತು, ವಿಧಾನ ಬದಲಾದರೆ ಅಂಕಿಯೂ ಬೇರೆ! ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇಕಡಾ 30ರಿಂದ 40ರಷ್ಟಿರಬೇಕು. ಕಿರಿದಾದರೆ ಸುಳ್ಳು ಏರಿಕೆ, ಅಗಲವಾದರೆ ಸುಳ್ಳು ಇಳಿಕೆ. ಯಾವ ಯಂತ್ರ, ಯಾವ ಪಟ್ಟಿ, ಕಾಲೋ ಬಾಲವೋ (ಹೌದು, ಬಾಲದಲ್ಲೂ ನೋಡುತ್ತಾರೆ!) ಎಂದು ಬರೆದಿಡದ ಅಂಕಿಯನ್ನು ಮುಂದಿನ ಸಲದ್ದಕ್ಕೆ ಹೋಲಿಸುವುದು ವ್ಯರ್ಥ.

ಹೆದರಿಕೆಯೂ ಒತ್ತಡ ಏರಿಸುತ್ತದೆ. ಹಾಗಾಗಿ ಐದು ಹತ್ತು ನಿಮಿಷ ಬೆಕ್ಕನ್ನು ಅದರ ಪಾಡಿಗೆ ಬಿಟ್ಟು, ಮೊದಲ ಅಳತೆ ಕೈಬಿಟ್ಟು, ಮುಂದಿನ ಐದಾರರ ಸರಾಸರಿ ತೆಗೆಯುತ್ತಾರೆ. ಹೆಡ್‌ಫೋನ್ ಇರುವುದೂ ಅದಕ್ಕೇ, ತನ್ನ ರಕ್ತದ ಸದ್ದಿಗೆ ತಾನೇ ಬೆಚ್ಚದಿರಲಿ ಎಂದು! ಸಿಸ್ಟಾಲಿಕ್ ಒತ್ತಡ ಮತ್ತೆ ಮತ್ತೆ 160 ದಾಟಿದರೆ ಚಿಂತೆ. 180 ಮುಟ್ಟಿದರೆ ಕಣ್ಣಿನ ಅಕ್ಷಿಪಟಲವೇ ಕಳಚಿ, ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗುವ ಅಪಾಯ. ಮೂತ್ರಪಿಂಡ ಸೋತ ಮುದಿ ಬೆಕ್ಕುಗಳಿಗೆ ಇದು ಹೆಚ್ಚು.

ನಿಮ್ಮ ಮನೆಯಲ್ಲೂ ಹತ್ತು ವರ್ಷ ದಾಟಿದ ಬೆಕ್ಕಿದೆಯೇ? ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಬಿಪಿ ನೋಡುತ್ತೀರಾ ಎಂದು ಕೇಳಿ. ಹೆಡ್‌ಫೋನ್ ಒಮ್ಮೆ ನಿಮ್ಮ ಕಿವಿಗೂ ಕೊಡಲು ಹೇಳಿ.